ವೀರ್ಯಾಣುವಿಗೆ ಪುಡಿ ಡಬ್ಬಿ ಬೇಕಾ?

ನಮಸ್ಕಾರ. 'ಆಂಟಿಆಕ್ಸಿಡೆಂಟ್ ಕಮ್ಮಿಯಾಗಿದೆ, ಅದಕ್ಕೇ ಮಕ್ಕಳಾಗ್ತಿಲ್ಲ, ಈ ಪುಡಿ ಕುಡೀರಿ' ಅನ್ನೋ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತದೆ. ನನಗಂತೂ ಅದನ್ನು ಕಂಡರೆ ಸಿಟ್ಟು. ಮೊದಲೇ ನೊಂದಿರುವ ಗಂಡ ಹೆಂಡತಿಯ ಜೇಬಿಗೆ ಕೈ ಹಾಕುವ ಕೆಲಸ ಅದು.

ಆಂಟಿಆಕ್ಸಿಡೆಂಟ್ ಅಂದರೆ ಆಮ್ಲಜನಕದ ಚುರುಕು ಕಣಗಳು ಕೋಶವನ್ನು ಕೆಡಿಸುವುದನ್ನು, ಅಂದರೆ ಆಕ್ಸಿಡೀಕರಣವನ್ನು, ತಡೆಯುವ ವಸ್ತು. ಅದು ಕಮ್ಮಿಯಾದರೆ ವೀರ್ಯಾಣು ಸಾಯುತ್ತದೆ, ಹೆಚ್ಚಾದರೆ ಚೆನ್ನಾಗಿರುತ್ತದೆ ಅನ್ನುವಷ್ಟು ಸರಳ ಅಲ್ಲ ಇದು. ವೃಷಣದಲ್ಲಿ ವೀರ್ಯಾಣುವಾಗಿ ಬೆಳೆಯುವ ಮರಿ ಕೋಶಗಳನ್ನು ಸರ್ಟೋಲಿ ಅನ್ನೋ ಪೋಷಕ ಕೋಶಗಳು ಸುತ್ತುವರಿದು ಸಾಕುತ್ತವೆ. ರಕ್ತದಲ್ಲಿ ಬರುವ, ಸೆಲೆನಿಯಂ ಅನ್ನೋ ಖನಿಜ ಹೊತ್ತ ಪ್ರೋಟೀನನ್ನು ಹಿಡಿದು ಒಳಗೆಳೆದುಕೊಳ್ಳುವುದೂ ಅವೇ. ಊಟದಲ್ಲಿ ಸೆಲೆನಿಯಂ ಕಮ್ಮಿಯಾದಾಗ ಇಲಿಗಳಲ್ಲಿ ಲಿವರ್ ಬೇಗ ಬರಿದಾಗುತ್ತದೆ, ವೃಷಣ ಮಾತ್ರ ತನ್ನ ಪಾಲನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಆ ಸೆಲೆನಿಯಂ ಯಾಕೆ ಅಷ್ಟು ಮುಖ್ಯ? ಜಿಪಿಎಕ್ಸ್4 ಅನ್ನೋ ಕಿಣ್ವಕ್ಕೆ ಅದು ಬೇಕು. ಬೆಳೆಯುವ ಕೋಶದಲ್ಲಿ ಈ ಕಿಣ್ವ ಗ್ಲುಟಾಥಯಾನ್ ಅನ್ನೋ, ದೇಹವೇ ತಯಾರಿಸುವ ಆಂಟಿಆಕ್ಸಿಡೆಂಟ್ ಬಳಸಿ ಪೊರೆಯ ಕೊಬ್ಬು ಕೆಡದಂತೆ ಕಾಯುತ್ತದೆ. ಕೊನೆಯ ಹಂತದಲ್ಲಿ ಗ್ಲುಟಾಥಯಾನ್ ಇಳಿಯುತ್ತದೆ. ಹೆದರಬೇಡಿ, ಇದು ಕಾಯಿಲೆ ಅಲ್ಲ! ಆಗ ಈ ಕಿಣ್ವ ಅಕ್ಕಪಕ್ಕದ ಪ್ರೋಟೀನುಗಳನ್ನೇ ಬಳಸಿಕೊಂಡು, ಅವನ್ನು ಒಂದಕ್ಕೊಂದು ಗಟ್ಟಿಯಾಗಿ ಬೆಸೆಯುತ್ತದೆ. ತಾನೂ ಅದರೊಳಗೆ ಸೇರಿಹೋಗುತ್ತದೆ. ಕಾವಲುಗಾರನೇ ಗೋಡೆಯಾದ ಹಾಗೆ. ವೀರ್ಯಾಣುವಿನ ಮೈಟೊಕಾಂಡ್ರಿಯಾ (ಶಕ್ತಿ ಕೊಡುವ ಭಾಗ) ಸುತ್ತಲಿನ ಕವಚದಲ್ಲಿ ಅರ್ಧದಷ್ಟಾದರೂ ಇದೇ ಪ್ರೋಟೀನು ಅಂತ 1999ರಲ್ಲಿ ಗೊತ್ತಾಯಿತು. ಅಂದರೆ ಗ್ಲುಟಾಥಯಾನ್ ಇಳಿಯುವುದೂ ಕಟ್ಟುವ ಕೆಲಸದ ಒಂದು ಭಾಗ ಅಲ್ವಾ?

ಹಾಗಂತ ಆಕ್ಸಿಡೀಕರಣದಿಂದ ಅಪಾಯವೇ ಇಲ್ಲ ಅನ್ನೋಕಾಗಲ್ಲ. ಬಲಿತ ವೀರ್ಯಾಣು ತನ್ನ ಕೋಶರಸವನ್ನು ಬಹುಪಾಲು ಹೊರಗೆ ಹಾಕಿರುತ್ತದೆ, ಅದನ್ನು ಸರ್ಟೋಲಿ ಕೋಶ ನುಂಗಿಬಿಡುತ್ತದೆ. ಆಮೇಲೆ ಹೊಸ ಕಿಣ್ವ ಮಾಡಿಕೊಳ್ಳುವ ಸಾಮಾನೇ ಅದರ ಹತ್ತಿರ ಇರುವುದಿಲ್ಲ. ಸುತ್ತಲಿನ ವೀರ್ಯದ್ರವವೇ ಕಾಯಬೇಕು. ಆದರೂ ಅಂಡದ ಹತ್ತಿರ ಚುರುಕಾಗಲು ಸ್ವಲ್ಪ ಆಕ್ಸಿಡೀಕರಣ ಬೇಕೇ ಬೇಕು. ಪೂರ್ತಿ ಒರೆಸಿಹಾಕಿದರೂ ಕಷ್ಟ.

ಪುಡಿಯಿಂದ ಲಾಭ ಕಂಡ ಸಣ್ಣ ಸಣ್ಣ ಅಧ್ಯಯನಗಳು ಇವೆ, ಇಲ್ಲ ಅನ್ನಲ್ಲ. ಆದರೆ 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಪ್ರಯೋಗ ನೋಡಿ. 2370 ಜೋಡಿಗಳು. ಗಂಡಸರಲ್ಲಿ ಅರ್ಧ ಮಂದಿಗೆ 6 ತಿಂಗಳು ಸತು ಮತ್ತು ಫೋಲಿಕ್ ಆಸಿಡ್, ಉಳಿದವರಿಗೆ ಸುಮ್ನೆ ಸಕ್ಕರೆ ಗುಳಿಗೆಯಂಥದ್ದು. ಮಗು ಹುಟ್ಟಿದ್ದು ಮಾತ್ರೆ ಗುಂಪಿನಲ್ಲಿ ಶೇ. 34, ಇನ್ನೊಂದರಲ್ಲಿ ಶೇ. 35. ಡಿಎನ್‌ಎ ಚೂರಾಗುವುದು ಮಾತ್ರೆ ತಗೊಂಡವರಲ್ಲೇ ತುಸು ಜಾಸ್ತಿ! ಅದೇ ವರ್ಷ ಬಂದ ಇನ್ನೊಂದು ಪ್ರಯೋಗದಲ್ಲಿ ವಿಟಮಿನ್ ಸಿ, ಇ, ಸೆಲೆನಿಯಂ ಎಲ್ಲ ಸೇರಿಸಿ ಕೊಟ್ಟರೂ ವೀರ್ಯಾಣುವಿನ ಸಂಖ್ಯೆ, ಚಲನೆ ಯಾವುದೂ ಸುಧಾರಿಸಲಿಲ್ಲ.

ಡಬ್ಬಿಯ ಮೇಲೆ ಈ ಅಂಕಿ ಯಾರೂ ಅಚ್ಚು ಹಾಕುವುದಿಲ್ಲ. ದುಡ್ಡು ಖರ್ಚು ಮಾಡಲೇಬೇಕು ಅಂದರೆ ಮೊದಲು ಡಾಕ್ಟರ ಹತ್ತಿರ ಹೋಗಿ ವೆರಿಕೋಸೀಲ್ (ವೃಷಣದ ರಕ್ತನಾಳ ಊದಿಕೊಳ್ಳುವುದು) ಇದೆಯಾ ತೋರಿಸಿ, ಸಿಗರೇಟು ಬಿಡಿ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಹೊರಬರಲು ಇನ್ನಷ್ಟು ದಿನ. ಹಾಗಾಗಿ ಮುಂದಿನ ರಿಪೋರ್ಟನ್ನು ಮೂರು ತಿಂಗಳು ಕಳೆದ ಮೇಲೆ ಮಾಡಿಸಿ, ಹದಿನೈದು ದಿನಕ್ಕೆ ಅಲ್ಲ.