ಕಾಫಿಗೂ ನಮ್ಮ ಬೋರಿನ ನೀರಿಗೂ

ಕೇಳುಗರಿಗೆ ನಮಸ್ಕಾರ.

ಕಲಬುರಗಿ ಚಹಾದ ಊರು. ಸುಸಲಾ, ಮಿರ್ಚಿ, ಮೇಲೊಂದು ಚಹಾ ಆದರೇನೇ ನಮಗೆ ಬೆಳಗಾಗೋದು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ನಮ್ಮ ರಾಜ್ಯದಲ್ಲೇ ಬೆಳೆಯುತ್ತದೆ, ನಿಜ. ಆದರೆ ಆ ತೋಟಗಳಿರೋದು ಚಿಕ್ಕಮಗಳೂರು, ಕೊಡಗು, ಹಾಸನದಲ್ಲಿ. ನಾವಿರೋದು ರಾಜ್ಯದ ಇನ್ನೊಂದು ತುದಿಯಲ್ಲಿ. ಇಂಥ ಊರಲ್ಲಿ ಒಂದು ಅಂಗಡಿಯವರು ಕಾಫಿ ಬೀಜ ಅಲ್ಲೇ ಹುರಿದು, ಕಣ್ಣೆದುರೇ ಸೋಸಿ ಕೊಡುತ್ತಾರೆ ಅಂದರೆ ನೋಡದೆ ಇರೋಕಾಗುತ್ತಾ? ಹೋದೆ.

ಹಸಿ ಬೀಜಕ್ಕೆ ಕಾಫಿಯ ವಾಸನೆಯೇ ಇರೋದಿಲ್ಲ. ಒಣಹುಲ್ಲಿನ ವಾಸನೆ. ಬಿಸಿ ಡ್ರಮ್ಮಿನಲ್ಲಿ ತಿರುಗುತ್ತಾ ಮೊದಲು ಹಳದಿ, ಆಮೇಲೆ ಕಂದು ಬಣ್ಣಕ್ಕೆ ಬರುತ್ತದೆ. ಶಾಖ 200 ಡಿಗ್ರಿ ಹತ್ತಿರ ಬಂದಾಗ, ಪಂಚಮಿಗೆ ಜೋಳದ ಅರಳು ಹುರಿದಂತೆ ಚಟಪಟ ಸಿಡಿಯುತ್ತದೆ. ಅದಾದ ಸ್ವಲ್ಪ ಹೊತ್ತಿಗೇ ಇಳಿಸಿದರೆ ಹಣ್ಣಿನ ಹುಳಿ ಉಳಿಯುತ್ತದೆ. ಇನ್ನೂ ಹುರಿದರೆ ಕಹಿ ಜಾಸ್ತಿ. ತೇವ ಹೋಗುವುದರಿಂದ 1 ಕಿಲೋ ಹಾಕಿದರೆ ಸಿಗೋದು ಸುಮಾರು 850 ಗ್ರಾಂ. ಬೆಲೆ ಯಾಕೆ ಅಷ್ಟು ಅಂತ ಕೇಳುವವರು ಇದನ್ನೂ ಲೆಕ್ಕ ಹಿಡಿಯಬೇಕು.

ಕಾಫಿ ಮಾಡುವ ಕಟ್ಟೆಯ ಮುಂದೆ ಕೂತೆ. ಹಾಲಿಲ್ಲ, ಸಕ್ಕರೆ ಇಲ್ಲ, ಕಾಫಿಗೆ ಬೆರೆಸುವ ಚಿಕೋರಿ ಬೇರಿನ ಪುಡಿಯೂ ಇಲ್ಲ. ಹುಡುಗ ತಕ್ಕಡಿ ಮೇಲೇ 15 ಗ್ರಾಂ ಪುಡಿ ತೂಗಿದ, ಅದಕ್ಕೆ 250 ಮಿಲಿ ನೀರು. ಮೊದಲು ಚೂರು ಬಿಸಿನೀರು ಹಾಕಿ ಅರ್ಧ ನಿಮಿಷ ಸುಮ್ನೆ ನಿಂತ. ಪುಡಿ ಉಬ್ಬಿ ಗುಳ್ಳೆ ಎದ್ದಿತು. ಹುರಿಯುವಾಗ ಬೀಜದೊಳಗೆ ಸೇರಿದ ಗಾಳಿ ಅದು. ಹಳೇ ಪುಡಿಯಾದರೆ ಹೀಗೆ ಉಬ್ಬೋದಿಲ್ಲ.

"ನೀರು ಯಾವುದು ತಮ್ಮಾ?" ಅಂತ ಕೇಳಿದೆ.

"ಬರೀ ಬೋರಿನ ನೀರು ನಡೆಯಂಗಿಲ್ರಿ ಸರ್. ಎಂಥಾ ಬೀಜ ಹಾಕಿದ್ರೂ ಸಪ್ಪಗಾಗ್ತದ."

ನನಗೆ ಅಲ್ಲಿ ಹಿಡಿಸಿದ ಮಾತು ಇದೇ. ನಮ್ಮ ಜಿಲ್ಲೆಯ ಹಲವು ಕಡೆ ನೆಲದ ಕೆಳಗೆ ಸುಣ್ಣದ ಕಲ್ಲು. ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿಯೂ ಅದೇ, ಸೇಡಂ, ವಾಡಿಯ ಸಿಮೆಂಟಿಗೂ ಅದೇ. ಆ ಕಲ್ಲಿನ ಸಂದಿಯಿಂದ ಬರುವ ನೀರು ಗಡಸು. ಆ ನೀರಲ್ಲಿ ತೊಗರಿ ಬೇಳೆ ಬೇಗ ಬೇಯೋದಿಲ್ಲ ಅಂತ ನಮ್ಮ ಮನೆಯ ಹೆಂಗಸರಿಗೆ ಗೊತ್ತು, ತೊಗರಿಯ ಕಣಜದಲ್ಲೇ ಈ ಪಾಡು ನೋಡಿ! ಕಾಫಿಯಲ್ಲಿ ಅದೇ ಸುಣ್ಣದ ಅಂಶ ಹುಳಿಯನ್ನು ನುಂಗಿಬಿಡುತ್ತದೆ. ಹಾಗಂತ ಮಷೀನಿನಲ್ಲಿ ಶುದ್ಧ ಮಾಡಿದ ನೀರೊಂದೇ ಹಾಕಿದರೂ ರುಚಿ ಏಳೋದಿಲ್ಲ. ರುಚಿ ಬಿಡಿಸೋಕೆ ಸ್ವಲ್ಪ ಲವಣ ಬೇಕೇ ಬೇಕು. ಲೀಟರಿಗೆ ಸುಮಾರು 150 ಮಿಲಿಗ್ರಾಂ ಇದ್ದರೆ ಚೆನ್ನ ಅನ್ನುತ್ತಾರೆ ಕಾಫಿ ಬಲ್ಲವರು. ಅದಕ್ಕೇ ಆ ಹುಡುಗ ಬೋರಿನ ನೀರು, ಮಷೀನಿನ ನೀರು ಎರಡನ್ನೂ ಬೆರೆಸುತ್ತಾನೆ.

ಕುಡಿದೆ. ಮೊದಲ ಗುಟುಕು ನನ್ನ ನಾಲಿಗೆಗೆ ತೆಳು ಅನಿಸಿತು. ಸ್ವಲ್ಪ ಆರಿದ ಮೇಲೆ ಕಿತ್ತಳೆಯಂಥ ಹುಳಿ ಬಂತು. ದಿನಾ ಕುಡಿಯೋಕೆ ನನಗೆ ಚಹಾನೇ ಸರಿ. ನೀವು ಮನೆಯಲ್ಲಿ ಮಾಡಿ ನೋಡೋದಾದರೆ ಪೊಟ್ಟಣದ ಮೇಲೆ ಹುರಿದ ತಾರೀಖು ಇದೆಯಾ ನೋಡಿ, ಬರೀ ಬೋರಿನ ನೀರು ಹಾಕಬೇಡಿ. ನಮಸ್ಕಾರ.