ಬಾಹ್ಯಾಕಾಶದ ಕಡಲ್ಗಳ್ಳರು: ‘ಟ್ರಾವೆಲರ್’ ಆಟದಲ್ಲಿ ಯಾವುದು ಲೂಟಿ, ಯಾವುದು ಕಾನೂನು?

ಸ್ನೇಹಿತರೇ,

1977ರಲ್ಲಿ ಮಾರ್ಕ್ ಮಿಲ್ಲರ್ ರೂಪಿಸಿದ, ದಾಳ ಉರುಳಿಸುತ್ತ ಬಾಹ್ಯಾಕಾಶ ಪಯಣಿಗರ ಪಾತ್ರ ವಹಿಸುವ ‘ಟ್ರಾವೆಲರ್’ ಆಟವನ್ನು ನಿಮ್ಮಲ್ಲಿ ಹಲವರು ಆಡಿದ್ದೀರಿ. ಆ ಆಟದಲ್ಲಿ ಒಂದಲ್ಲ ಒಂದು ದಿನ ಆಟಗಾರರು ಎದುರಿಗೆ ಬಂದ ಹಡಗನ್ನು ಅಡ್ಡಗಟ್ಟಿಯೇ ತೀರುತ್ತಾರೆ. ಬಂದೂಕು ತೋರಿಸಿ ಸರಕು ಕಿತ್ತುಕೊಂಡರೆ ಅದು ಕಡಲ್ಗಳ್ಳತನವೇ ಎಂದು ಆಟ ನಡೆಸಿಕೊಡುವ ಹೆಚ್ಚಿನ ರೆಫರಿಗಳು ಅಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಯಾರ ಅಪ್ಪಣೆ ಇತ್ತು, ಯಾರ ಸರಹದ್ದಿನಲ್ಲಿ ನಡೆಯಿತು, ದೂರು ಯಾರ ಮುಂದೆ ಹೋಗುತ್ತದೆ ಎಂದು ಕೇಳದೆ ಅದಕ್ಕೆ ಹೆಸರಿಡಲು ಬರುವುದಿಲ್ಲ.

ವಿಲಿಯಂ ಕಿಡ್‌ನ ಕಥೆ ನೋಡಿ. ಕಡಲ್ಗಳ್ಳರನ್ನು ಹಿಡಿಯಲು, ಫ್ರೆಂಚರ ಹಡಗುಗಳನ್ನು ವಶಪಡಿಸಿಕೊಳ್ಳಲು ಇಂಗ್ಲೆಂಡಿನ ದೊರೆ ಕೊಟ್ಟ ಸನ್ನದು ಅವನ ಬಳಿ ಇತ್ತು. 1697ರಲ್ಲಿ ಅವನು ನಮ್ಮ ಕಾರವಾರಕ್ಕೂ ಬಂದಿದ್ದ. ಅಲ್ಲಿ ಅವನ ಕೆಲವು ನಾವಿಕರು ತಪ್ಪಿಸಿಕೊಂಡು ಈಸ್ಟ್ ಇಂಡಿಯಾ ಕಂಪನಿಯ ಕೋಠಿಯವರಿಗೆ ಅವನ ವಿಷಯವನ್ನೆಲ್ಲ ಹೇಳಿಬಿಟ್ಟರು. ಮರುವರ್ಷ ಜನವರಿಯಲ್ಲಿ ಅವನು ‘ಕ್ವೇದಾ ಮರ್ಚೆಂಟ್’ ಹಡಗನ್ನು ಹಿಡಿದ. ಸರಕಿನ ಬಹುಪಾಲು ಆರ್ಮೇನಿಯನ್ ವರ್ತಕರದು, ಕಪ್ತಾನ ಇಂಗ್ಲಿಷಿನವನು, ಹಡಗಿನಲ್ಲಿ ಸಿಕ್ಕಿದ ರಹದಾರಿ ಪತ್ರ ಫ್ರೆಂಚರದು. ಪತ್ರ ಫ್ರೆಂಚರದಾದ ಮೇಲೆ ಹಡಗು ತನ್ನ ಸನ್ನದಿನೊಳಗೇ ಬರುತ್ತದೆ ಎಂದು ಕಿಡ್ ವಾದಿಸಿದ. ಲಂಡನ್ನಿನ ವಿಚಾರಣೆಯ ಹೊತ್ತಿಗೆ ಆ ಪತ್ರಗಳೇ ಕಾಣೆಯಾಗಿದ್ದವು. ಕೊಲೆ ಮತ್ತು ಕಡಲ್ಗಳ್ಳತನದ ಆರೋಪದ ಮೇಲೆ 1701ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಪತ್ರಗಳು ಸರ್ಕಾರಿ ದಾಖಲೆಗಳ ನಡುವೆ ಮತ್ತೆ ಕಣ್ಣಿಗೆ ಬಿದ್ದದ್ದು ಇಪ್ಪತ್ತನೇ ಶತಮಾನದಲ್ಲಿ. ಒಂದು ಕಾಗದದ ಮೇಲೆ ಒಬ್ಬನ ಜೀವ ನಿಂತಿತ್ತು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಇಂದಿನ ಕಾನೂನು ಇನ್ನಷ್ಟು ಬಿಗಿ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 101ನೇ ವಿಧಿಯ ಪ್ರಕಾರ, ಖಾಸಗಿ ಹಡಗಿನವರು ಸ್ವಂತ ಲಾಭಕ್ಕೋ ಉದ್ದೇಶಕ್ಕೋ, ಯಾವ ದೇಶದ ವ್ಯಾಪ್ತಿಗೂ ಸೇರದ ಕಡಲಿನಲ್ಲಿ, ಇನ್ನೊಂದು ಹಡಗಿನ ಮೇಲೆ ನಡೆಸುವ ಹಿಂಸೆ ಅಥವಾ ಲೂಟಿ ಕಡಲ್ಗಳ್ಳತನ. ಪ್ರಯಾಣಿಕರೇ ಎದ್ದು ತಾವಿರುವ ಹಡಗನ್ನು ಕಸಿದುಕೊಂಡರೆ ಈ ಹೆಸರು ಹೊಂದುವುದಿಲ್ಲ. 1985ರಲ್ಲಿ ‘ಅಕಿಲೆ ಲೌರೊ’ ಹಡಗಿನಲ್ಲಿ ಹೀಗಾದ ಮೇಲೆ, 1988ರಲ್ಲಿ ಬೇರೆಯದೇ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಈಗ ಆಟಕ್ಕೆ ಬರೋಣ. ಟ್ರಾವೆಲರ್‌ನ ಇಂಪೀರಿಯಂ ಎಂಬ ಸಾಮ್ರಾಜ್ಯ ನಕ್ಷತ್ರಗಳ ನಡುವಿನ ಜಾಗವನ್ನು ಆಳುತ್ತದೆ, ಗ್ರಹಗಳ ಒಳಾಡಳಿತವನ್ನು ಆಯಾ ಗ್ರಹಕ್ಕೇ ಬಿಟ್ಟಿದೆ. ಆದರೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ನೆಗೆಯುವ ಜಂಪ್‌ನಲ್ಲಿರುವ ಹಡಗನ್ನು ಯಾರೂ ತಡೆಯಲಾರರು. ಗ್ರಹದ ವ್ಯಾಸದ ನೂರರಷ್ಟು ದೂರ ಹೋಗುವವರೆಗೆ ಸುರಕ್ಷಿತವಾಗಿ ಜಂಪ್ ಮಾಡಲೂ ಆಗದು. ಹಾಗಾಗಿ ಹಡಗು ಸಿಕ್ಕಿಬೀಳುವುದು ಬಹುಮಟ್ಟಿಗೆ ಆ ನೂರು ವ್ಯಾಸದೊಳಗೇ, ಗ್ರಹ ಮತ್ತು ಸಾಮ್ರಾಜ್ಯ ಎರಡೂ ‘ಇದು ನಮ್ಮದು’ ಎನ್ನಬಹುದಾದ ಜಾಗದಲ್ಲಿ. ಅಲ್ಲಿ ಗ್ರಹದ ಕಾವಲು ಹಡಗು ಸರಕನ್ನು ಜಪ್ತಿ ಮಾಡಿದರೆ ಅವರ ಪಾಲಿಗೆ ಅದು ಸುಂಕದ ತಪಾಸಣೆ, ಸರಕು ಕಳೆದುಕೊಂಡ ಕಪ್ತಾನನಿಗೆ ದರೋಡೆ. ಆಟದ ನಿಜವಾದ ಸತ್ವ ಇರುವುದು ಈ ಜಗಳದಲ್ಲಿ ಎಂಬುದು ನನ್ನ ನಂಬಿಕೆ.

ಸಾಲದ ವಿಷಯವೂ ಇದೆ. ಆಟದಲ್ಲಿ ಹಡಗಿನ ಬೆಲೆಯ 240ನೇ ಒಂದು ಭಾಗವನ್ನು ತಿಂಗಳಿಗೊಮ್ಮೆ ಕಟ್ಟುತ್ತ 480 ತಿಂಗಳು ದುಡಿಯಬೇಕು. ಕಂತು ತಪ್ಪಿಸಿ ಓಡಿಹೋದವನು ಬ್ಯಾಂಕಿಗೆ ಮೋಸ ಮಾಡಿದವನೇ ಹೊರತು ಕಡಲ್ಗಳ್ಳನಲ್ಲ. ಅವನ ಹಡಗಿಗೆ ಶಸ್ತ್ರ ಸಮೇತ ನುಗ್ಗಿ ಕೀಲಿ ಕಿತ್ತುಕೊಳ್ಳುವ ಬ್ಯಾಂಕಿನ ಏಜೆಂಟನೂ ಕಡಲ್ಗಳ್ಳನಲ್ಲ, ಅವನ ಕೈಯಲ್ಲಿ ಅಧಿಕಾರಪತ್ರ ಇರುವವರೆಗೆ.

ಇನ್ನೊಂದು ತೊಡಕು ಸುದ್ದಿಯದು. ಆಟದಲ್ಲಿ ಹಡಗಿಗಿಂತ ವೇಗವಾಗಿ ಸುದ್ದಿ ಸಾಗದು, ಪ್ರತಿ ಜಂಪ್‌ಗೆ ಹೆಚ್ಚುಕಡಿಮೆ ಒಂದು ವಾರ ಬೇಕು. ಆಟಗಾರರ ಸನ್ನದನ್ನು ನಾಲ್ಕು ಜಂಪ್ ಆಚೆಯ ರಾಜಧಾನಿಯಲ್ಲಿ ಮೊನ್ನೆಯೇ ರದ್ದು ಮಾಡಿದ್ದಾರೆ ಎಂದುಕೊಳ್ಳಿ. ಇವತ್ತು ಅವರು ಶತ್ರುವಿನ ಹಡಗು ಹಿಡಿಯುತ್ತಾರೆ. ಆದೇಶ ಬಂದರಿಗೆ ತಲುಪುವಷ್ಟರಲ್ಲಿ ಸರಕು ಮಾರಿ ಹಣ ಹಂಚಿಕೊಂಡಾಗಿರುತ್ತದೆ. ಆದೇಶ ಹೊರಟ ದಿನವನ್ನು ಲೆಕ್ಕಕ್ಕೆ ಹಿಡಿಯಬೇಕೋ, ಕೈಗೆ ತಲುಪಿದ ದಿನವನ್ನೋ? ಮೊದಲ ದಾಳ ಉರುಳಿಸುವ ಮುಂಚೆ ರೆಫರಿಯ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರ ಬರೆದಿರಬೇಕು.