ದೇವನಹಳ್ಳಿ: ಮೊದಲು ನೀರು, ಆಮೇಲೆ ಸೈಟು

ಕೇಳುಗರಿಗೆ ನಮಸ್ಕಾರ.

ಕಳೆದ ತಿಂಗಳು ನಮ್ಮ ಭಾವ ಫೋನ್ ಮಾಡಿದರು. ದೇವನಹಳ್ಳಿ ಹತ್ತಿರ ಒಂದು ಸೈಟು ನೋಡಿದ್ದಾರಂತೆ. ಮೂವತ್ತು ನಲವತ್ತರದು. "ಏರ್‌ಪೋರ್ಟಿಗೆ ಹದಿನೈದೇ ನಿಮಿಷ ಕಣಯ್ಯ" ಅಂದರು. ಡಾಂಬರು ರಸ್ತೆ ಇದೆ, ಬೀದಿ ದೀಪ ಇದೆ, ಬಾಗಿಲಲ್ಲಿ ದೊಡ್ಡ ಕಮಾನೂ ಇದೆ. ನಾನು ಎರಡೇ ಪ್ರಶ್ನೆ ಕೇಳಿದೆ. ನೀರು ಎಲ್ಲಿಂದ ಬರುತ್ತೆ? ಬಳಸಿದ ನೀರು ಎಲ್ಲಿಗೆ ಹೋಗುತ್ತೆ? ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೋರ್ ಇದೆ ಅಂದ್ರಪ್ಪ" ಅಂದರು. ಎರಡನೇ ಪ್ರಶ್ನೆಗೆ ಉತ್ತರ ಬರಲಿಲ್ಲ.

ಬೇಗ ಬೆಳೆಯುವ ಸಣ್ಣ ಊರು ಅಂದರೆ ನನಗೆ ಮೊದಲು ನೆನಪಾಗುವುದೇ ದೇವನಹಳ್ಳಿ. ಚಕ್ಕೋತ ಹಣ್ಣಿನ ಊರು. ಟಿಪ್ಪು ಸುಲ್ತಾನ್ ಹುಟ್ಟಿದ ಊರು. 2011ರ ಜನಗಣತಿಯಲ್ಲಿ ಈ ಪಟ್ಟಣದ ಜನಸಂಖ್ಯೆ ಸುಮಾರು 28 ಸಾವಿರ. ಅದಕ್ಕೆ ಮೂರು ವರ್ಷ ಮೊದಲು, 2008ರ ಮೇ ತಿಂಗಳಲ್ಲಿ, ಪಕ್ಕದಲ್ಲೇ ವಿಮಾನ ನಿಲ್ದಾಣ ತೆರೆದಿತ್ತು. ಸುಮಾರು 4,000 ಎಕರೆ ಜಾಗ. ಈಗ ಅಲ್ಲಿ ವರ್ಷಕ್ಕೆ 4 ಕೋಟಿಗೂ ಜಾಸ್ತಿ ಪ್ರಯಾಣಿಕರು ಓಡಾಡುತ್ತಾರೆ. ನಮ್ಮ ರಾಜ್ಯದ ಜನಸಂಖ್ಯೆಯ ಅರ್ಧಕ್ಕಿಂತ ಜಾಸ್ತಿ ತಲೆ ಒಂದು ಸಣ್ಣ ಪುರಸಭೆಯ ಪಕ್ಕದಲ್ಲಿ ಹಾದುಹೋಗುತ್ತದೆ. ಅವರು ಯಾರೂ ಊರೊಳಗೆ ಬರುವುದಿಲ್ಲ, ನಿಜ. ಆದರೆ ಅವರ ಹಿಂದೆ ಬಂದ ಗೋದಾಮು, ಹೋಟೆಲ್ಲು, ಕಾರ್ಖಾನೆ, ಲೇಔಟು ಎಲ್ಲ ಇಲ್ಲೇ ಉಳಿದುಕೊಂಡವು.

ಈಗ ಎಲ್ಲೆಲ್ಲೂ ಸ್ಮಾರ್ಟ್ ಅನ್ನುವ ಮಾತು. ಸ್ಮಾರ್ಟ್ ಅಂದರೆ ನಮ್ಮವರಿಗೆ ಕ್ಯಾಮೆರಾ, ಬಣ್ಣದ ದೀಪ, ಮೊಬೈಲ್ ಆ್ಯಪ್. ಆದರೆ ಸ್ಮಾರ್ಟ್ ಗ್ರೋತ್ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದು ಊರು ಹೊಲದ ಮೇಲೆ ಹರಡದೆ, ಕಡಿಮೆ ಜಾಗದಲ್ಲಿ, ಎಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿ ಇರುವ ಹಾಗೆ ಬೆಳೆಯುವುದು. ಆ ಮಾತು ಬಳಕೆಗೆ ಬಂದಿದ್ದು 1990ರ ದಶಕದ ಅಮೆರಿಕದಲ್ಲಿ. ಕಾರು ಇಲ್ಲದಿದ್ದರೆ ಒಂದು ಲೀಟರ್ ಹಾಲು ತರಲೂ ಆಗದಂಥ ಬಡಾವಣೆಗಳು ಅಲ್ಲಿ ಹೊಲಗದ್ದೆಯ ಮೇಲೆ ಹರಡಿಕೊಂಡಿದ್ದವು. 1997ರಲ್ಲಿ ಮೇರಿಲ್ಯಾಂಡ್ ರಾಜ್ಯ ಒಂದು ಕಾನೂನು ಮಾಡಿತು. ಬೆಳವಣಿಗೆಗೆ ಅಂತ ಗುರುತು ಹಾಕಿದ ಜಾಗಗಳಿಗೆ ಮಾತ್ರ ರಾಜ್ಯದ ದುಡ್ಡು, ಅದರಾಚೆ ಕಟ್ಟುವವರು ತಮ್ಮ ಖರ್ಚು ತಾವೇ ನೋಡಿಕೊಳ್ಳಿ ಅನ್ನುವ ಧಾಟಿಯದು. ನಮ್ಮಲ್ಲಿ ಆಗುವುದು ತಿರುಗಾಮುರುಗಾ. ಊರಾಚೆ ಮೊದಲು ಸೈಟು ಮಾರುತ್ತಾರೆ. ಮನೆ ಏಳುತ್ತವೆ. ಆಮೇಲೆ ಎಲ್ಲರೂ ಸೇರಿ ಪುರಸಭೆಗೆ ಹೋಗಿ, ನೀರು ಕೊಡಿ, ಚರಂಡಿ ಮಾಡಿ ಅಂತ ಅರ್ಜಿ ಕೊಡುತ್ತಾರೆ.

ಅಷ್ಟು ದೂರ ಹೋಗುವುದೇ ಬೇಡ. ದೇವನಹಳ್ಳಿ ಕೋಟೆಯೊಳಗೆ ಒಮ್ಮೆ ನಡೆದು ನೋಡಿ. 1501ರಲ್ಲಿ ಮಲ್ಲಭೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನದು ಆಮೇಲೆ, ಹೈದರಾಲಿ ಮತ್ತು ಟಿಪ್ಪು ಕಾಲದಲ್ಲಿ. ಒಳಗೆ ಈಗಲೂ ಜನ ವಾಸ ಇದ್ದಾರೆ. ವೇಣುಗೋಪಾಲಸ್ವಾಮಿ ದೇವಸ್ಥಾನ ಇದೆ. ಬೀದಿಗಳು ಕಿರಿದು, ಮನೆಗೆ ಮನೆ ಅಂಟಿಕೊಂಡಿವೆ. ಅಜ್ಜಿ ಜಗಲಿಯಲ್ಲಿ ಕೂತೇ ಬೀದಿಯನ್ನೆಲ್ಲ ಕಾಯಬಹುದು. ಕಾರು ನಿಲ್ಲಿಸೋಕೆ ಜಾಗ ಇಲ್ಲ ಅಂತ ಈಗಿನವರು ಗೊಣಗುತ್ತಾರೆ, ಅದೂ ಸರಿಯೇ. ಆದರೆ ನಾನು ಕಂಡ ಹಾಗೆ, ಕಡಿಮೆ ಜಾಗದಲ್ಲಿ ಜಾಸ್ತಿ ಜನ, ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ ಅಂದರೆ ಇದೇ ಅಲ್ವಾ?

ಇನ್ನು ನೀರಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದೇವನಹಳ್ಳಿ ಬಯಲುಸೀಮೆ. ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕಾವೇರಿ ನೀರು ಬೆಂಗಳೂರಿಗೆ ಬರುವುದೇ ಸುಮಾರು 100 ಕಿಲೋಮೀಟರ್ ದೂರದಿಂದ, ಅದೂ ಮೇಲಕ್ಕೆ ಪಂಪ್ ಮಾಡಿಕೊಂಡು. ಹಾಗಾಗಿ ಇಲ್ಲಿನ ಹಿರಿಯರು ಮಳೆ ನೀರನ್ನು ಕೆರೆಯಲ್ಲಿ ನಿಲ್ಲಿಸಿದರು, ಕೆರೆ ಪಕ್ಕ ಬಾವಿ ತೋಡಿದರು. ಊರಿನ ಒಂದು ಕೆರೆಯ ಹೆಸರೇ ಸಿಹಿನೀರು ಕೆರೆ. ಆ ಹೆಸರು ಇಟ್ಟವರಿಗೆ ಯಾವ ಕೆರೆ ಯಾತಕ್ಕೆ ಅನ್ನುವ ಲೆಕ್ಕ ಇತ್ತು. ಆಮೇಲೆ ಬೋರ್‌ವೆಲ್ ಬಂತು. ಬಾವಿಗೆ ಕಸ ಬಿತ್ತು, ಕೆರೆ ಒಣಗಿತು. ಬೋರು ನೂರಾರು ಅಡಿಯಿಂದ ಸಾವಿರ ಅಡಿಯತ್ತ ಇಳಿಯಿತು. ಒಂದು ವರ್ಷದಲ್ಲಿ ಭೂಮಿಗೆ ಇಳಿಯುವ ನೀರಿಗಿಂತ ಜಾಸ್ತಿ ನೀರನ್ನು ಮೇಲೆತ್ತುವ ತಾಲ್ಲೂಕುಗಳ ಪಟ್ಟಿಯಲ್ಲಿ ದೇವನಹಳ್ಳಿಯೂ ಸೇರಿತು.

ಆಗ ಒಂದು ವಿಚಿತ್ರ ನಡೆಯಿತು. ಬೆಂಗಳೂರಿನ ಹೆಬ್ಬಾಳ ಮತ್ತು ನಾಗವಾರ ಕಣಿವೆಗಳ ಕೊಳಚೆ ನೀರನ್ನು ಶುದ್ಧ ಮಾಡಿ, ಬೆಂಗಳೂರು ನಗರ, ಗ್ರಾಮಾಂತರ, ಚಿಕ್ಕಬಳ್ಳಾಪುರದ 65 ಕೆರೆಗಳಿಗೆ ದಿನಕ್ಕೆ 21 ಕೋಟಿ ಲೀಟರ್ ಹರಿಸುವ ಯೋಜನೆ ಬಂತು. ಜನ ಅದನ್ನು ಎಚ್‌ಎನ್ ವ್ಯಾಲಿ ನೀರು ಅನ್ನುತ್ತಾರೆ. ಸಿಹಿನೀರು ಕೆರೆ ಮತ್ತೆ ತುಂಬಿತು. ಕೆರೆ ತುಂಬಿದ್ದೇ ಸುತ್ತಲಿನ ಮೇಲ್ಪದರದ ಮಣ್ಣಿನಲ್ಲಿ ನೀರು ಏರಿತು. ಬಯೋಮ್ ಅನ್ನುವ ಸಂಸ್ಥೆಯವರು ಪುರಸಭೆ ಜೊತೆ ಸೇರಿ, ಕೆರೆ ಪಕ್ಕದ ಹಳೇ ತೆರೆದ ಬಾವಿಯ ಹೂಳು ತೆಗೆಸಿದರು. ಹತ್ತಿರದಲ್ಲೇ ಹೆಚ್ಚು ಆಳವಿಲ್ಲದ ಬೋರುಗಳನ್ನೂ ಹಾಕಿದರು. ಕೆರೆ ನೀರನ್ನು ನೇರವಾಗಿ ತೆಗೆಯುವುದಲ್ಲ, ಮಣ್ಣಿನಲ್ಲಿ ಸೋಸಿ ಬಂದ ನೀರನ್ನು ಎತ್ತುವುದು. ಅದನ್ನು ಮತ್ತೆ ಶುದ್ಧೀಕರಣ ಘಟಕಕ್ಕೆ ಹಾಯಿಸಿ ಊರಿನ ಕೊಳಾಯಿಗೆ ಬಿಡುವುದು. ಸಾವಿರ ಅಡಿ ಕೊರೆದು ಹುಡುಕುತ್ತಿದ್ದ ನೀರು ಕಾಲ ಕೆಳಗೇ ಸಿಕ್ಕಿತು.

ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಕೆರೆಗೆ ಬರುವ ನೀರು ಎರಡು ಹಂತದಲ್ಲಿ ಮಾತ್ರ ಶುದ್ಧವಾದದ್ದು. ಮೂರನೇ ಹಂತವೂ ಬೇಕು ಅಂತ, ಇಂಥ ನೀರು ಬರುವ ಕೋಲಾರ, ಚಿಕ್ಕಬಳ್ಳಾಪುರದ ರೈತರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ನನ್ನ ಮಟ್ಟಿಗೆ ಅದು ನ್ಯಾಯವಾದ ಬೇಡಿಕೆ. ಕುಡಿಯುವ ನೀರಿನ ವಿಷಯದಲ್ಲಿ ಅಂದಾಜಿನ ಮೇಲೆ ನಡೆಯಬಾರದು, ಪರೀಕ್ಷೆ ಮಾಡುತ್ತಲೇ ಇರಬೇಕು.

ಈಗ ಭಾವ ಉತ್ತರ ಕೊಡದ ಪ್ರಶ್ನೆಗೆ ಬರೋಣ. ಊಟದ ಹೊತ್ತಿನಲ್ಲಿ ರೇಡಿಯೋ ಕೇಳುತ್ತಿರುವವರು ಸ್ವಲ್ಪ ಸಹಿಸಿಕೊಳ್ಳಿ.

ದೇವನಹಳ್ಳಿಯಲ್ಲಿ ಒಳಚರಂಡಿ ಇರಲಿಲ್ಲ. ಮನೆಮನೆಗೂ ಶೌಚಾಲಯದ ಪಿಟ್ ಗುಂಡಿ. ಗುಂಡಿ ತುಂಬಿದರೆ ಟ್ಯಾಂಕರ್ ಗಾಡಿ ಬಂದು ಪೈಪ್ ಹಾಕಿ ಎಳೆದುಕೊಂಡು ಹೋಗುತ್ತಿತ್ತು. ಎಲ್ಲಿ ಸುರಿಯುತ್ತಿತ್ತು? ಯಾರದೋ ಹೊಲಕ್ಕೆ, ಇಲ್ಲವೇ ಯಾವುದೋ ಖಾಲಿ ಜಾಗಕ್ಕೆ. ಬೆಂಗಳೂರು ಸುತ್ತಲಿನ ಕೆಲವು ರೈತರು ಅದನ್ನು ಕರೆಸಿಕೊಂಡು, ಒಣಗಿಸಿ ಗೊಬ್ಬರ ಮಾಡಿಕೊಳ್ಳುತ್ತಿದ್ದದ್ದೂ ಉಂಟು. ಇಡೀ ಊರಿಗೆ ಒಳಚರಂಡಿ ಹಾಕಬೇಕು ಅಂದರೆ ಸಣ್ಣ ಪುರಸಭೆಯ ಕೈಗೆ ಎಟುಕುವ ದುಡ್ಡಲ್ಲ. ಪೈಪ್ ಬರಲಿ ಅಂತ ಕಾಯುತ್ತಾ ಕೂತರೆ ಗುಂಡಿ ಕಾಯುವುದಿಲ್ಲ.

2015ರಲ್ಲಿ ಇಲ್ಲಿ ಒಂದು ಘಟಕ ಶುರುವಾಯಿತು. ಪಟ್ಟಣವೊಂದರ ಪಿಟ್ ಗುಂಡಿಗಳ ಮಲದ ಕೆಸರನ್ನು ಶುದ್ಧ ಮಾಡುವ ಘಟಕ. ದೇಶದಲ್ಲಿ ಇಂಥದ್ದು ಇದೇ ಮೊದಲು. ಸಿಡಿಡಿ ಸೊಸೈಟಿ ಅನ್ನುವ ಸಂಸ್ಥೆ ಕಟ್ಟಿದ್ದು. ದಿನಕ್ಕೆ 6,000 ಲೀಟರ್, ಅಂದರೆ ಒಂದೆರಡು ಟ್ಯಾಂಕರ್ ಲೋಡು. ಗಾಡಿ ಬಂದು ತೊಟ್ಟಿಗೆ ಸುರಿಯುತ್ತದೆ. ಕೆಸರು ಕೊಳೆತು ಹದವಾಗುತ್ತದೆ, ಆಮೇಲೆ ಮರಳಿನ ಹಾಸಿನ ಮೇಲೆ ಒಣಗುತ್ತದೆ. ಬಸಿದ ನೀರು ಜಲ್ಲಿ ಮತ್ತು ಗಿಡಗಳ ಬೇರಿನ ನಡುವೆ ಹಾದು ತಿಳಿಯಾಗುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದ ಜೊತೆ ಬೆರೆಸಿ ಗೊಬ್ಬರ ಮಾಡುತ್ತಾರೆ. ದೊಡ್ಡ ಯಂತ್ರ ಬೇಡ, ಇಳಿಜಾರು ಮತ್ತು ಬಿಸಿಲೇ ಮುಕ್ಕಾಲು ಕೆಲಸ ಮಾಡುತ್ತವೆ. ದೇಶದ ಬೇರೆ ಬೇರೆ ಊರಿನವರು ಇದನ್ನು ನೋಡಲಿಕ್ಕೆ ಅಂತಲೇ ದೇವನಹಳ್ಳಿಗೆ ಬಂದರು. ಟಿಪ್ಪು ಹುಟ್ಟಿದ ಜಾಗ ನೋಡಲು ಬಂದವರು ಮಾತ್ರ ಇದನ್ನು ನೋಡದೆ ವಾಪಸು ಹೋಗುತ್ತಾರೆ!

ಆದರೆ 6,000 ಲೀಟರ್ ಲೆಕ್ಕ ಹಾಕಿದ್ದು ಅಂದಿನ ಊರಿಗೆ. ಸುತ್ತ ಏಳುತ್ತಿರುವ ಹೊಸ ಮನೆಗಳ ಗುಂಡಿಗಳೆಲ್ಲ ಒಂದು ದಿನ ತುಂಬಲೇಬೇಕು. ನನ್ನ ತಕರಾರು ಇಲ್ಲೇ. ಈ ಬಾವಿ, ಈ ಘಟಕ ಎರಡೂ ಒಳ್ಳೆಯ ಕೆಲಸ. ಎರಡೂ ನಡೆದದ್ದು ಊರು ಕಷ್ಟಕ್ಕೆ ಬಿದ್ದ ಮೇಲೆ. ಊರಿನ ಯಾವ ಜಾಗ ಯಾತಕ್ಕೆ ಅಂತ ಗುರುತು ಮಾಡುವ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ನಕ್ಷೆ ಬರೆಯುವಾಗ ಹಳದಿ ಬಣ್ಣದಲ್ಲಿ ಮನೆ, ನೇರಳೆ ಬಣ್ಣದಲ್ಲಿ ಕೈಗಾರಿಕೆ ಅಂತ ತುಂಬುತ್ತಾರೆ. ಜಮೀನು ಕೊಳ್ಳುವವರ ಬಾಯಲ್ಲೂ ಅದೇ, ಯೆಲ್ಲೋ ಝೋನಾ, ಗ್ರೀನ್ ಝೋನಾ? ಆ ಬಣ್ಣ ಬಳಿಯುವ ಮೊದಲೇ ಕೆರೆ, ರಾಜಕಾಲುವೆ, ಕೆಸರು ಘಟಕದ ಜಾಗ ಗುರುತಾಗಬೇಕು. ಇಷ್ಟು ಮನೆಗೆ ಇಷ್ಟು ನೀರು ಇದೆಯಾ ಅಂತ ನೋಡಿ ಆಮೇಲೆ ಲೇಔಟಿಗೆ ಸಹಿ ಬೀಳಬೇಕು.

ಹಸಿರು ಬಣ್ಣದ, ಅಂದರೆ ಕೃಷಿ ಜಮೀನಿನ, ಬಗ್ಗೆಯೂ ಒಂದು ಮಾತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಯನ್ನು ಕೈಗಾರಿಕೆಗೆ ಅಂತ ಸ್ವಾಧೀನ ಮಾಡಲು ಹೊರಟಾಗ ರೈತರು ಮೂರು ವರ್ಷಕ್ಕೂ ಜಾಸ್ತಿ ಹೋರಾಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಕೆಲವರಿಗೆ ಇದು ಅಭಿವೃದ್ಧಿಗೆ ಅಡ್ಡಿ ಅನ್ನಿಸಿತು. ನನಗೆ ಹಾಗೆ ಕಾಣಲಿಲ್ಲ. ಬೆಳಗ್ಗೆ ಬೆಂಗಳೂರಿಗೆ ಹೋಗುವ ಸೊಪ್ಪು, ತರಕಾರಿ, ಹಾಲು ಇಂಥ ಹಳ್ಳಿಗಳದ್ದು. ಮಳೆ ನೀರು ನೆಲಕ್ಕೆ ಇಳಿಯುವುದೂ ಅದೇ ಹೊಲಗಳಲ್ಲಿ, ಕಾಂಕ್ರೀಟಿನಲ್ಲಿ ಅಲ್ಲ.

ಹಾಗಾದರೆ ಹೊಸ ಜನ ಎಲ್ಲಿ ಇರಬೇಕು? ಹಳೇ ಪೇಟೆಗೆ, ಬಸ್ ನಿಲ್ದಾಣಕ್ಕೆ, ರೈಲು ಹಳಿಗೆ ಹತ್ತಿರ ಇರಲಿ ಅನ್ನುತ್ತೇನೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿ ದೇವನಹಳ್ಳಿಯನ್ನು ಹಾದೇ ಹೋಗುತ್ತದೆ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಒಂದು ಹಾಲ್ಟ್ ಸ್ಟೇಷನ್ ಕೂಡ ತೆರೆಯಿತು. ಊರೊಳಗೆ ಖಾಲಿ ಬಿದ್ದಿರುವ ಸೈಟುಗಳು ಎಷ್ಟಿವೆ ಅಂತ ಯಾರಾದರೂ ಎಣಿಸಿದರೆ, ಊರಾಚೆಯ ಅರ್ಧ ಲೇಔಟು ಬೇಕಾಗುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಕರಡು ನಕ್ಷೆ ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಕೊಡಲು ಜನರಿಗೆ ಸಮಯ ಇರುತ್ತದೆ. ಬಹಳ ಜನ ತಮ್ಮ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ ಅಂತ ನೋಡಿ ಮನೆಗೆ ಹೋಗುತ್ತಾರೆ. ಮುಂದಿನ ಸಲ ಹೋದಾಗ ಊರಿನ ಕೆರೆಗೆ ನೀರು ಬರುವ ಕಾಲುವೆಯನ್ನೂ ಬೆರಳಿಟ್ಟು ಹುಡುಕಿ. ಅದರ ಮೇಲೆ ಹಳದಿ ಬಳಿದಿದ್ದರೆ ಅಲ್ಲೇ ಕೂತು ಒಂದು ಹಾಳೆ ಬರೆದು ಕೊಟ್ಟು ಬನ್ನಿ.

ಭಾವ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಸೈಟಿನವರನ್ನು ಕೇಳಿದರಂತೆ. "ಗುಂಡಿ ನೀವೇ ತೆಗೆಸಿಕೊಳ್ಳಿ ಸಾರ್" ಅಂದರಂತೆ ಅವರು. ಪಕ್ಕದ ಸೈಟಿನವರ ಬೋರಿಗೂ ಆ ಗುಂಡಿಗೂ ಎಷ್ಟು ಅಡಿ ದೂರ ಇರುತ್ತೆ ಅಂತ ಕೇಳಿದೆ. ಟೇಪ್ ಹಿಡಿದು ಅಳತೆ ಮಾಡಿ ಹೇಳ್ತೀನಿ ಅಂದಿದ್ದಾರೆ. ಈ ಭಾನುವಾರ ಹೋಗುತ್ತಾರಂತೆ.

ನಮಸ್ಕಾರ.